ಜಾನುವಾರುಗಳ ಮೂಳೆ ಮುರಿತ: ದಬ್ಬೆ ಕಟ್ಟುವ ಮೊದಲು, ಕಟ್ಟಿದ ಮೇಲೆ

ಚಳ್ಳಕೆರೆ ಕಡೆಯ ಒಂದು ರೊಪ್ಪದಿಂದ ಹಿಂದೊಮ್ಮೆ ನಾನು ಕೆಲಸ ಮಾಡುತ್ತಿದ್ದ ಚಿಕಿತ್ಸಾಲಯಕ್ಕೆ ಒಂದು ಮೇಕೆಯನ್ನು ಹೊತ್ತು ತಂದಿದ್ದರು. ಮುಂಗಾಲು ಮುರಿದು ಆರು ದಿನ ಕಳೆದಿತ್ತು. ಬಿದಿರ ದಬ್ಬೆಗಳನ್ನು ಅಚ್ಚುಕಟ್ಟಾಗಿ ಸೀಳಿ, ಕಾಲಿನ ಸುತ್ತ ನಿಲ್ಲಿಸಿ, ಮೇಲೆ ನೈಲಾನ್ ದಾರವನ್ನು ಒತ್ತೊತ್ತಾಗಿ ಸುತ್ತಿದ್ದರು. ಕಟ್ಟು ಬಿಚ್ಚಿದಾಗ ಮುರಿದ ಮೂಳೆ ನೆಟ್ಟಗೇ ಇತ್ತು, ಆದರೆ ದಾರದ ಕೆಳಗಿನ ಕಾಲು ತಣ್ಣಗಾಗಿ, ಚರ್ಮ ಕಪ್ಪಿಟ್ಟು, ಗೊರಸು ಕಳಚುವ ಸ್ಥಿತಿಗೆ ಬಂದಿತ್ತು. "ಬಿಗಿ ಕಟ್ಟಿದ್ರೆ ತಾನೇ ಸಾರ್ ಕೂಡೋದು?" ಎಂದು ಕೇಳಿದ ಆ ಕುರಿಗಾಹಿಗೆ ನಾನು ತಕ್ಷಣ ಏನೂ ಹೇಳಲಾಗಲಿಲ್ಲ. ನಾಲ್ಕೈದು ವಾರದಲ್ಲಿ ಸುಲಭವಾಗಿ ಕೂಡಬಹುದಾಗಿದ್ದ ಕಾಲನ್ನು ಆ ದಿನ ಕತ್ತರಿಸಿ ತೆಗೆಯಬೇಕಾಯಿತು.

ಅಂದಿನಿಂದ ನಾನು ರೈತರಿಗೆ ಹೇಳುತ್ತ ಬಂದಿರುವುದು ಇದನ್ನೇ: ನಮ್ಮ ಕಡೆ ಮುರಿತದಿಂದ ಹಾಳಾಗುವ ಕಾಲುಗಳಿಗಿಂತ ತಪ್ಪು ಕಟ್ಟಿನಿಂದ ಹಾಳಾಗುವ ಕಾಲುಗಳು ಕಡಿಮೆಯೇನಲ್ಲ. ಚಿಕಿತ್ಸೆ ಮಾಡುವುದು ಪಶುವೈದ್ಯರ ಕೆಲಸ, ಆದರೆ ಪ್ರಾಣಿ ವೈದ್ಯರ ಕೈ ಸೇರುವವರೆಗಿನ ಮೊದಲ ಕೆಲವು ಗಂಟೆಗಳು ಮತ್ತು ಪ್ಲಾಸ್ಟರ್ ಹಾಕಿದ ಮೇಲಿನ ಐದಾರು ವಾರಗಳು ಮಾಲೀಕನ ಕೈಯಲ್ಲಿರುತ್ತವೆ.

ಮುರಿತವೇ ಹೌದೇ?

ಕುಂಟುವ ಪ್ರಾಣಿಗೆಲ್ಲ ಮೂಳೆ ಮುರಿದಿರುವುದಿಲ್ಲ. ಮುರಿದಾಗ ಪ್ರಾಣಿ ಸಾಮಾನ್ಯವಾಗಿ ಆ ಕಾಲನ್ನು ನೆಲಕ್ಕೆ ಊರುವುದೇ ಇಲ್ಲ. ಕಾಲು ಜೋತಾಡುತ್ತದೆ, ಕೀಲೇ ಇಲ್ಲದ ಜಾಗದಲ್ಲಿ ಬಾಗುತ್ತದೆ, ಒಂದೆರಡು ಗಂಟೆಯಲ್ಲಿ ಬಾವು ಬರುತ್ತದೆ. ಮುಟ್ಟಿದರೆ ಮೂಳೆಯ ತುಂಡುಗಳು ಒಂದಕ್ಕೊಂದು ಉಜ್ಜಿ ಕರಕರ ಎನ್ನುವುದು ಕೈಗೆ ತಿಳಿಯುತ್ತದೆ. ಆದರೆ ಆ ಕರಕರವನ್ನು ಹುಡುಕುತ್ತ ಕಾಲನ್ನು ಅತ್ತಿತ್ತ ತಿರುಗಿಸಬಾರದು, ಏಕೆಂದರೆ ಮುರಿದ ಮೂಳೆಯ ಚೂಪಾದ ತುದಿ ಒಳಗಿನ ರಕ್ತನಾಳವನ್ನು ಕತ್ತರಿಸಬಹುದು ಅಥವಾ ಚರ್ಮವನ್ನೇ ಸೀಳಿ ಹೊರಬರಬಹುದು. ಕೀಲು ತಪ್ಪಿದ್ದರೆ ಕಾಲು ಜೋತಾಡುವ ಬದಲು ಒಂದು ವಿಚಿತ್ರ ಭಂಗಿಯಲ್ಲಿ ಸೆಟೆದು ನಿಲ್ಲುತ್ತದೆ. ಉಳುಕಾಗಿದ್ದರೆ ಪ್ರಾಣಿ ಅಷ್ಟಿಷ್ಟು ಭಾರ ಊರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಳೆಯ, ಮೈತುಂಬಿದ ದನ ಇದ್ದಕ್ಕಿದ್ದಂತೆ ಕುಂಟತೊಡಗಿ, ತೊಡೆ ಅಥವಾ ಭುಜದ ಮೇಲೆ ಬಾವು ಬಂದು, ಒತ್ತಿದರೆ ಚರಚರ ಎಂದರೆ ಅದನ್ನು ಮುರಿತವೆಂದು ಬಗೆಯುವವರಿದ್ದಾರೆ. ಜೊತೆಗೆ ಜ್ವರವೂ ಇದ್ದರೆ ಅದು ಚಪ್ಪೆ ರೋಗವಾಗಿರುವ ಸಾಧ್ಯತೆಯೇ ಹೆಚ್ಚು. ಆ ಸದ್ದು ಮಾಂಸದೊಳಗೆ ತುಂಬಿದ ಗಾಳಿಯದು, ಮೂಳೆಯದಲ್ಲ. ಅದಕ್ಕೆ ದಬ್ಬೆ ಕಟ್ಟುತ್ತ ಕೂತರೆ ಒಂದೆರಡು ದಿನದಲ್ಲಿ ದನ ಸಾಯುತ್ತದೆ. ಕರು ಹಾಕಿದ ಹಸು ಏಳದೇ ಮಲಗಿದ್ದರೆ ಸೊಂಟ ಮುರಿದಿದೆ ಎಂದುಕೊಳ್ಳುವ ಮೊದಲು ಹಾಲು ಜ್ವರವಿರಬಹುದೇ ಎಂದು ವೈದ್ಯರಿಂದ ನೋಡಿಸಬೇಕು. ಹಾಲು ಜ್ವರವಾದರೆ ಕ್ಯಾಲ್ಸಿಯಂ ಕೊಟ್ಟ ಕೆಲವೇ ಗಂಟೆಗಳಲ್ಲಿ ಹಸು ಎದ್ದು ನಿಲ್ಲುವುದುಂಟು.

ಮುರಿತದ ಬಗೆಗಳು

ಚರ್ಮ ಹರಿಯದೆ ಒಳಗೇ ಮೂಳೆ ಮುರಿದಿದ್ದರೆ ಅದು ಮುಚ್ಚಿದ ಮುರಿತ. ಚರ್ಮ ಹರಿದು ಗಾಯದ ಮೂಲಕ ಮೂಳೆಗೆ ಹೊರಗಿನ ಗಾಳಿ, ಮಣ್ಣು ತಗುಲಿದ್ದರೆ ಅದು ತೆರೆದ ಮುರಿತ. ರೈತನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಂಗಡಣೆ ಇದೇ. ತೆರೆದ ಮುರಿತದಲ್ಲಿ ಮೂಳೆಗೆ ಸೋಂಕು ತಗುಲಿ ಕೀವಾದರೆ ಎಷ್ಟು ಚೆನ್ನಾಗಿ ಕಟ್ಟಿದರೂ ಕೂಡುವುದಿಲ್ಲ. ಆದ್ದರಿಂದ ಅದನ್ನು ಗಂಟೆಗಳ ಲೆಕ್ಕದಲ್ಲಿ ವೈದ್ಯರಿಗೆ ತಲುಪಿಸಬೇಕೇ ಹೊರತು ದಿನಗಳ ಲೆಕ್ಕದಲ್ಲಲ್ಲ.

ಮುರಿದ ಗೆರೆ ಅಡ್ಡಲಾಗಿದೆಯೇ, ಓರೆಯಾಗಿದೆಯೇ, ತಿರುಚಿಕೊಂಡಿದೆಯೇ, ಮೂಳೆ ಎರಡೇ ತುಂಡಾಗಿದೆಯೇ ಅಥವಾ ಪುಡಿಯಾಗಿದೆಯೇ ಎಂಬುದು ಎಕ್ಸ್-ರೇಯಲ್ಲಿ ತಿಳಿಯುತ್ತದೆ. ಅಡ್ಡ ಮುರಿತದ ತುದಿಗಳು ಒಂದರ ಮೇಲೊಂದು ನಿಲ್ಲುವುದರಿಂದ ಪ್ಲಾಸ್ಟರಿಗೆ ಚೆನ್ನಾಗಿ ಒಗ್ಗುತ್ತವೆ. ಓರೆ ಮುರಿತದವು ಜಾರಿ ಕಾಲು ಗಿಡ್ಡವಾಗುವ ಭಯವಿರುತ್ತದೆ. ಎಳೆಯ ಪ್ರಾಣಿಗಳ ಮೂಳೆ ಕೆಲವೊಮ್ಮೆ ಹಸಿ ಕೊಂಬೆಯಂತೆ ಒಂದು ಮಗ್ಗುಲು ಸೀಳಿ ಇನ್ನೊಂದು ಮಗ್ಗುಲು ಬರಿದೇ ಬಾಗುತ್ತದೆ. ಅದು ಬೇಗ ಕೂಡುತ್ತದೆ. ಕರು, ನಾಯಿಮರಿಗಳಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಪದರವೇ ಜಾರಿದ್ದರೆ ಮಾತ್ರ ಮುಂದೆ ಕಾಲು ಸೊಟ್ಟಗೆ ಬೆಳೆಯಬಹುದು, ಹಾಗಾಗಿ ಅದನ್ನು ಚಿಕ್ಕ ಪೆಟ್ಟೆಂದು ಬಿಡುವಂತಿಲ್ಲ.

ಏನೂ ದೊಡ್ಡ ಪೆಟ್ಟು ಬೀಳದೆಯೂ ಮೂಳೆ ಮುರಿಯುವುದುಂಟು. ವರ್ಷವಿಡೀ ಒಣ ಹುಲ್ಲು, ಸೊಪ್ಪೆಯಲ್ಲೇ ಬದುಕುವ ದನಕ್ಕೆ ರಂಜಕ (ಫಾಸ್ಫರಸ್) ಸಾಲದೆ ಮೂಳೆ ಮೆದುವಾಗುತ್ತದೆ. ಅಂಥ ದನ ಬಟ್ಟೆ, ಮಣ್ಣು, ಸತ್ತ ಪ್ರಾಣಿಯ ಎಲುಬು ಕಡಿಯತೊಡಗಿದರೆ ಅದೇ ಮೊದಲ ಸುಳಿವು. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅದನ್ನೇ ವರ್ಷಗಟ್ಟಲೆ ಕುಡಿದ ದನಗಳ ಹಲ್ಲು ಕಂದು ಕಲೆಗಟ್ಟಿ ಸವೆಯುವುದಲ್ಲದೆ ಮೂಳೆಯೂ ಗಟ್ಟಿತನ ಕಳೆದುಕೊಳ್ಳುತ್ತದೆ. ಬರೀ ಹಾಲು ಅನ್ನದಲ್ಲೋ, ಮೂಳೆಯಿಲ್ಲದ ಮಾಂಸದಲ್ಲೋ ಬೆಳೆದ ನಾಯಿಮರಿ ಮಂಚದಿಂದ ಜಿಗಿದರೂ ಕಾಲು ಮುರಿದುಕೊಳ್ಳಬಹುದು. ಇಂಥವುಗಳಿಗೆ ಕಾಲಿಗಷ್ಟೇ ಚಿಕಿತ್ಸೆ ಮಾಡಿದರೆ ಸಾಲದು, ಮೇವು, ನೀರು, ಆಹಾರವನ್ನೂ ಬದಲಿಸಬೇಕು.

ಮೊದಲು ಮಾಡಬೇಕಾದದ್ದು

ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿ, ಹಿರಿಯೂರಿನಿಂದ ಹರಿಹರದವರೆಗೆ, ರಸ್ತೆ ದಾಟುವ ಕುರಿ ಮಂದೆಗೆ ವಾಹನ ಬಡಿಯುವುದು ಹೊಸದೇನಲ್ಲ. ಅಂಥ ಜಾಗದಲ್ಲಿ ಮೊದಲು ನಿಮ್ಮ ಜೀವ ನೋಡಿಕೊಳ್ಳಿ. ಹಿಂದೆ ಬರುವ ವಾಹನಗಳಿಗೆ ಕಾಣುವಂತೆ ಯಾರನ್ನಾದರೂ ನಿಲ್ಲಿಸಿ, ಪ್ರಾಣಿಯನ್ನು ರಸ್ತೆಯಿಂದ ಸರಿಸಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಆದ್ದರಿಂದ ಮುಟ್ಟುವ ಮೊದಲೇ ಅಗಲವಾದ ಬಟ್ಟೆಪಟ್ಟಿಯಿಂದ ಮೂತಿಗೆ ಒಂದು ಸುತ್ತು ಹಾಕಿ ಕಿವಿಯ ಹಿಂದೆ ಕಟ್ಟಬೇಕು. ಅದು ವಾಂತಿ ಮಾಡುತ್ತಿದ್ದರೆ ಅಥವಾ ಉಸಿರಾಡಲು ಕಷ್ಟಪಡುತ್ತಿದ್ದರೆ ಮಾತ್ರ ಮೂತಿ ಕಟ್ಟಬಾರದು. ದನವಾದರೆ ಮೂಗುದಾರ ಅಥವಾ ತಲೆಹಗ್ಗ ಹಿಡಿದು ತಲೆಯನ್ನು ಹತೋಟಿಗೆ ತರಬೇಕು.

ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮಧ್ಯೆ ಎತ್ತಿ ನೋಡುವ ಚಪಲ ಬೇಡ, ಎತ್ತಿದೊಡನೆ ಹೆಪ್ಪು ಒಡೆಯುತ್ತದೆ. ಗಾಯದಲ್ಲಿ ಮಣ್ಣಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಚಹಾ ಚಮಚ ಉಪ್ಪು ಹಾಕಿ ಅದರಿಂದ ತೊಳೆದು, ಒದ್ದೆ ಮಾಡಿದ ಶುಭ್ರ ಬಟ್ಟೆಯಿಂದ ಮುಚ್ಚಿ. ಹೊರಗೆ ಕಾಣುವ ಮೂಳೆಯನ್ನು ಒಳಕ್ಕೆ ತಳ್ಳಬಾರದು. ಅರಿಶಿನ, ಕಾಫಿಪುಡಿ, ಸುಣ್ಣ, ಗಾಡಿಯ ಕೀಲೆಣ್ಣೆ ಇವುಗಳನ್ನು ತುಂಬಿ ಬಂದ ಗಾಯಗಳನ್ನು ತೊಳೆಯುವುದರಲ್ಲೇ ನಮ್ಮ ಅರ್ಧ ಗಂಟೆ ಹೋಗುತ್ತಿತ್ತು.

ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಡೈಕ್ಲೋಫೆನಾಕ್ ಚುಚ್ಚಿಸಿದ ದನ ಸತ್ತರೆ ಅದನ್ನು ತಿಂದ ರಣಹದ್ದುಗಳೂ ಸಾಯುತ್ತವೆಂದು ಭಾರತ ಸರ್ಕಾರ 2006ರಲ್ಲೇ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿದೆ. ಮೆಲಾಕ್ಸಿಕಾಮ್‌ನಂಥ ಸುರಕ್ಷಿತ ಮದ್ದುಗಳಿವೆ, ಅವನ್ನು ತೂಕ ನೋಡಿ ವೈದ್ಯರೇ ಕೊಡಲಿ. ನಾಯಿ, ಬೆಕ್ಕುಗಳಿಗೆ ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ವೈದ್ಯರನ್ನು ಕೇಳದೆ ಊಟ ಹಾಕಬೇಡಿ.

ಮನೆಬಾಗಿಲಿಗೆ ಬರುವ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡಬಹುದು. ಕರೆ ಮಾಡುವಾಗ ಪ್ರಾಣಿ ಯಾವುದು, ವಯಸ್ಸೆಷ್ಟು, ಯಾವ ಕಾಲು, ಕೀಲಿನ ಮೇಲೋ ಕೆಳಗೋ, ಗಾಯವಿದೆಯೇ ಇಲ್ಲವೇ ಎಂದು ಹೇಳಿದರೆ ಬರುವವರು ತಕ್ಕ ಸಾಮಾನು ತರಲು ಅನುಕೂಲವಾಗುತ್ತದೆ.

ತಾತ್ಕಾಲಿಕ ದಬ್ಬೆ: ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಲೇಬಾರದು

ಮುರಿದ ಜಾಗದ ಮೇಲಿನ ಕೀಲು ಮತ್ತು ಕೆಳಗಿನ ಕೀಲು ಎರಡೂ ಅಲುಗದಂತೆ ದಬ್ಬೆ ನಿಲ್ಲಬೇಕೆಂಬುದೇ ಇಲ್ಲಿನ ನಿಯಮ. ಮುರಿದ ಜಾಗವನ್ನಷ್ಟೇ ಮುಚ್ಚುವ ಗಿಡ್ಡ ದಬ್ಬೆಯ ಭಾರವೆಲ್ಲ ಮುರಿತದ ಮೇಲೇ ಬಿದ್ದು, ಕಾಲು ಗಡಿಯಾರದ ಲೋಲಕದಂತೆ ತೂಗಿ, ಒಳಗಿನ ಮಾಂಸವನ್ನು ಹರಿಯುತ್ತದೆ. ಈ ಕಾರಣಕ್ಕೇ ಮುಂಗಾಲಿನ ಮಂಡಿ ಅಥವಾ ಹಿಂಗಾಲಿನ ಹಿಮ್ಮಡಿ ಕೀಲಿನಿಂದ ಕೆಳಗಿನ ಮುರಿತಕ್ಕೆ ಮಾತ್ರ ನೀವು ದಬ್ಬೆ ಕಟ್ಟಬಹುದು. ತೊಡೆ ಮೂಳೆ ಅಥವಾ ಭುಜದ ಮೂಳೆ ಮುರಿದಿದ್ದರೆ ಮೇಲಿನ ಕೀಲನ್ನು ಹಿಡಿದು ನಿಲ್ಲಿಸಲು ಯಾವ ದಬ್ಬೆಗೂ ಆಗುವುದಿಲ್ಲ. ಅದನ್ನು ಕಟ್ಟದೆ, ಮೆತ್ತನೆಯ ಹಾಸಿಗೆಯ ಮೇಲೆ ಮಲಗಿಸಿ ಸಾಗಿಸುವುದೇ ಸರಿ.

ಕಾಲನ್ನು ಎಳೆದು ನೇರ ಮಾಡಲು ಹೋಗದೆ, ಇದ್ದ ಸ್ಥಿತಿಯಲ್ಲೇ ಹಿಡಿದುಕೊಂಡು, ಮೊದಲು ಹತ್ತಿ ಅಥವಾ ಹಳೆಯ ಸೀರೆಯ ಪದರಗಳನ್ನು ಗೊರಸಿನ ಸಂದಿನಿಂದ ಮೇಲಕ್ಕೆ ದಪ್ಪವಾಗಿ ಸುತ್ತಿ. ಮೂಳೆ ಉಬ್ಬಿರುವ ಕಡೆ ಒಂದು ಪದರ ಹೆಚ್ಚೇ ಇರಲಿ. ಅದರ ಮೇಲೆ ಬಿದಿರ ದಬ್ಬೆಯನ್ನಾಗಲಿ, ಉದ್ದಕ್ಕೆ ಸೀಳಿದ ಪಿವಿಸಿ ಪೈಪಿನ ಅರೆಭಾಗವನ್ನಾಗಲಿ ಎರಡೂ ಬದಿಗೆ ಇಟ್ಟು, ಅಗಲವಾದ ಬಟ್ಟೆಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಸಮನಾಗಿ ಸುತ್ತಬೇಕು. ದಾರ, ತಂತಿ, ನೈಲಾನ್ ಹಗ್ಗ ಯಾವುದೂ ಬೇಡ. ಗೊರಸಿನ ತುದಿ ಅಥವಾ ನಾಯಿಯ ನಡುವಿನ ಎರಡು ಬೆರಳು ಹೊರಗೆ ಕಾಣುತ್ತಿರಲಿ, ಅವು ತಣ್ಣಗಾದರೆ ಅಥವಾ ಊದಿಕೊಂಡರೆ ಕಟ್ಟನ್ನು ಕೂಡಲೇ ಸಡಿಲಿಸಬೇಕು.

ಚನ್ನಗಿರಿ ಕಡೆಯ ರೈತರೊಬ್ಬರು ಮೂರು ದಿನದ ಕರುವಿಗೆ ಅಡಿಕೆ ಹಾಳೆಯಲ್ಲಿ ಕಟ್ಟಿದ್ದ ಕಟ್ಟು ನನಗೆ ಇಂದಿಗೂ ನೆನಪಿದೆ. ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹತ್ತಿ ಸುತ್ತಿದ ಕಾಲಿನ ಆಕಾರಕ್ಕೆ ಬಗ್ಗಿಸಿ, ಪಂಚೆಯ ಪಟ್ಟಿಯಿಂದ ಸುತ್ತಿದ್ದರು. ಅದು ದಾರಿಯಲ್ಲೇ ಒಣಗಿ ಗಡುಸಾಗಿ ಕಾಲನ್ನು ತೊಟ್ಟಿಲಿನಂತೆ ಹಿಡಿದುಕೊಂಡಿತ್ತು. ಆಸ್ಪತ್ರೆಯ ಅಲ್ಯೂಮಿನಿಯಂ ಪಟ್ಟಿಯೂ ಅಷ್ಟು ಹೊಂದಿಕೊಳ್ಳುತ್ತಿರಲಿಲ್ಲವೇನೋ. ನಾವು ಅದನ್ನು ಬಿಚ್ಚಿ ಪ್ಲಾಸ್ಟರ್ ಹಾಕಿದ್ದು ಬಿಟ್ಟರೆ ಸರಿಪಡಿಸಬೇಕಾದದ್ದೇನೂ ಇರಲಿಲ್ಲ.

ಸಾಗಿಸುವಾಗ ಟಾಟಾ ಏಸ್ ಅಥವಾ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ದಪ್ಪವಾಗಿ ಹುಲ್ಲು ಹಾಸಿ, ಮುರಿದ ಕಾಲು ಮೇಲೆ ಬರುವಂತೆ ಮಲಗಿಸಿ. ದೊಡ್ಡ ದನ ಪೂರ್ತಿ ಮಗ್ಗುಲಾಗಿ ಬಹಳ ಹೊತ್ತು ಬಿದ್ದರೆ ಹೊಟ್ಟೆ ಉಬ್ಬರಿಸುವುದರಿಂದ, ಎದೆಯ ಮೇಲೆ ಕೂರುವಂತೆ ಬೆನ್ನಿಗೆ ಹುಲ್ಲಿನ ಹೊರೆ ಒತ್ತಿಡಬೇಕು. ನಾಯಿಯನ್ನು ಹಲಗೆಯ ಮೇಲೆ ಅಥವಾ ನಾಲ್ಕು ಮೂಲೆ ಹಿಡಿದ ಕಂಬಳಿಯಲ್ಲಿ ಎತ್ತಬೇಕು.

ವೈದ್ಯರ ಬಳಿ ಏನಾಗುತ್ತದೆ

ವೈದ್ಯರು ಮೊದಲು ಕಾಲನ್ನಲ್ಲ, ಪ್ರಾಣಿಯ ಉಸಿರು, ನಾಡಿ, ಒಸಡಿನ ಬಣ್ಣವನ್ನು ನೋಡುತ್ತಾರೆ. ಬೈಕು ಬಡಿದ ನಾಯಿಯ ಕಾಲಿಗಿಂತ ಒಡೆದ ಮೂತ್ರಕೋಶವೋ, ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆ ಹರಿದದ್ದೋ ಅದನ್ನು ಬೇಗ ಕೊಲ್ಲುತ್ತದೆ. ಅದು ಮೂತ್ರ ಮಾಡಿತೇ ಎಂದು ಕೇಳಿದರೆ ನೆನಪಿಟ್ಟು ಹೇಳಿ. ಆಮೇಲೆ ಎರಡು ದಿಕ್ಕಿನಿಂದ ಎಕ್ಸ್-ರೇ. ಎಲ್ಲ ಚಿಕಿತ್ಸಾಲಯಗಳಲ್ಲೂ ಈ ಸೌಲಭ್ಯ ಇರುವುದಿಲ್ಲವಾದ್ದರಿಂದ ಗಾಡಿ ಹತ್ತಿಸುವ ಮುನ್ನ ಫೋನಿನಲ್ಲಿ ವಿಚಾರಿಸುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಯೇ ಬೇಕಾದರೆ ದಾವಣಗೆರೆ ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, ಹಿರಿಯೂರು ಕಡೆಯವರಿಗೆ ಬೆಂಗಳೂರಿನ ಹೆಬ್ಬಾಳದ ಕಾಲೇಜು ದಾರಿಯಾಗುತ್ತದೆ.

ಮಂಡಿಯಿಂದ ಕೆಳಗಿನ ಮುಚ್ಚಿದ ಮುರಿತ ಕರು, ಕುರಿ, ಮೇಕೆಗಳಲ್ಲಿ ಪ್ಲಾಸ್ಟರಿನಿಂದಲೇ ವಾಸಿಯಾಗುತ್ತದೆ. ಅರಿವಳಿಕೆ ಅಥವಾ ಮಂಪರು ಮದ್ದು ಕೊಟ್ಟು, ಎಳೆದು ತುದಿಗಳನ್ನು ಕೂಡಿಸಿ, ಹತ್ತಿ ಸುತ್ತಿ, ಗೊರಸನ್ನೂ ಒಳಗೊಂಡು ಪ್ಲಾಸ್ಟರ್ ಹಾಕುತ್ತಾರೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಗ್ಗ, ಆದರೆ ಭಾರ, ಮತ್ತು ನೆನೆದರೆ ಕೆಟ್ಟಿತು. ಫೈಬರ್ ಗ್ಲಾಸ್ ಪಟ್ಟಿ ದುಬಾರಿಯಾದರೂ ಹಗುರ ಮತ್ತು ಗಟ್ಟಿ. ಗಾಯವಿದ್ದರೆ ಅದರ ಮೇಲೆ ಕಿಟಕಿಯಂತೆ ಕತ್ತರಿಸಿ ದಿನವೂ ತೊಳೆಯಲು ಬಿಡುತ್ತಾರೆ, ಧನುರ್ವಾಯುವಿನ ಚುಚ್ಚುಮದ್ದನ್ನೂ ಕೊಡುತ್ತಾರೆ.

ಅದಕ್ಕೂ ಮೇಲಿನ ಮೂಳೆಗಳಿಗೆ ಮೂಳೆಯ ಒಳಗೆ ಉಕ್ಕಿನ ಸಲಾಕೆ ತೂರಿಸುವುದು, ಪ್ಲೇಟು ಸ್ಕ್ರೂ ಹಾಕುವುದು, ಅಥವಾ ಚರ್ಮದ ಹೊರಗಿನಿಂದ ಮೊಳೆಗಳನ್ನು ಹಾಯಿಸಿ ಸರಳಿಗೆ ಬಿಗಿಯುವುದು ಬೇಕಾಗುತ್ತದೆ. ನಾಯಿ, ಬೆಕ್ಕು, ಮೇಕೆಗಳಲ್ಲಿ ಇವು ಚೆನ್ನಾಗಿ ಫಲಿಸುತ್ತವೆ. ನಾನ್ನೂರು ಕೆ.ಜಿ. ತೂಗುವ ಮಿಶ್ರತಳಿ ಹಸುವಿನ ತೊಡೆ ಮೂಳೆ ಮುರಿದಾಗ ಮಾತ್ರ ಯಾವ ಲೋಹವೂ ಅಷ್ಟು ಭಾರ ತಡೆಯುವುದು ಕಷ್ಟವೆಂಬುದನ್ನು ವೈದ್ಯರು ಮುಚ್ಚಿಡದೆ ಹೇಳಬೇಕು, ಮಾಲೀಕರೂ ಕೇಳಿಸಿಕೊಳ್ಳಬೇಕು. ನಾಯಿಯ ಸೊಂಟದ ಮುರಿತಗಳಲ್ಲಿ ಹಲವು ಚಾಕು ಕತ್ತರಿಯಿಲ್ಲದೆ, ಇಕ್ಕಟ್ಟಾದ ಜಾಗದಲ್ಲಿ ನಾಲ್ಕರಿಂದ ಆರು ವಾರ ಕೂಡಿಹಾಕಿದರೇ ಕೂಡುತ್ತವೆ. ಕಾಲೇ ಉಳಿಯದೆ ಹೋದರೂ ನಾಯಿ, ಬೆಕ್ಕು, ಮೇಕೆ ಮೂರು ಕಾಲಿನಲ್ಲಿ ಬದುಕುತ್ತವೆ. ನಾನು ಮೊದಲು ಹೇಳಿದ ಮೇಕೆ ಆಮೇಲೆ ಎರಡು ಸಲ ಮರಿ ಹಾಕಿತು.

ಕೊಂಬು ಮುರಿದಾಗ ಮೂಗಿನಿಂದ ರಕ್ತ ಬಂದರೆ ಗಾಬರಿಯಾಗಬೇಕಿಲ್ಲ, ದೊಡ್ಡ ದನಗಳ ಕೊಂಬಿನ ಪೊಳ್ಳು ತಲೆಯ ಗೂಡಿಗೆ ಸೇರಿಕೊಂಡಿರುತ್ತದೆ. ಮೇಲಿನ ಕವಚ ಮಾತ್ರ ಕಳಚಿದ್ದರೆ ಪಟ್ಟಿ ಸಾಕು, ಬುಡವೇ ಮುರಿದಿದ್ದರೆ ಮರಗಟ್ಟಿಸಿ ತೆಗೆಯಬೇಕಾಗುತ್ತದೆ. ಉಳುವಾಗ ಬಾಲ ತಿರುಚಿ ತಿರುಚಿ ಎತ್ತಿನ ಬಾಲದ ಮೂಳೆ ಮುರಿಯುವುದರ ಬಗ್ಗೆ ಹೇಳುವುದೇ ಬೇಡ, ಅದಕ್ಕೆ ಮದ್ದು ಎತ್ತಿಗಲ್ಲ.

ನಾಟಿ ಮದ್ದಿನ ಮಾತು

ಮೊಟ್ಟೆಯ ಬಿಳಿಲೋಳೆ, ಉದ್ದಿನ ಹಿಟ್ಟು ಕಲಸಿ ಬಟ್ಟೆಗೆ ಮೆತ್ತಿ ಸುತ್ತುವ ಪದ್ಧತಿಯನ್ನು ನಾನು ಹಳಿಯುವವನಲ್ಲ. ಒಣಗಿದಾಗ ಅದು ಗಟ್ಟಿಯಾಗುತ್ತದೆ, ಹಿಂದಿನವರಿಗೆ ಅದೇ ಪ್ಲಾಸ್ಟರ್ ಆಗಿತ್ತು. ಮಂಗರಬಳ್ಳಿಯನ್ನು ಅರೆದು ಹಚ್ಚುವುದೂ ತಲೆತಲಾಂತರದಿಂದ ಬಂದದ್ದು. ಆದರೆ ತೆರೆದ ಗಾಯದ ಮೇಲೆ ಇವನ್ನು ಮೆತ್ತಿದರೆ ಕೀವು ಖಂಡಿತ, ಮತ್ತು ಬಾವು ಏರುತ್ತಿರುವ ಮೊದಲ ದಿನವೇ ಗಟ್ಟಿಯಾಗುವ ಯಾವ ಕಟ್ಟಾದರೂ ಒಳಗಿನ ರಕ್ತ ಸಂಚಾರವನ್ನು ನಿಲ್ಲಿಸಬಹುದು. ಮೂಳೆಯನ್ನು ಕೂಡಿಸುವುದು ಬಳ್ಳಿಯೂ ಅಲ್ಲ, ಬಿಗಿಯೂ ಅಲ್ಲ. ಮುರಿದಲ್ಲಿ ಹೆಪ್ಪುಗಟ್ಟಿದ ರಕ್ತದ ಜಾಗದಲ್ಲಿ ಮೊದಲು ಮೆತ್ತನೆಯ ಗಂಟು ಕಟ್ಟಿ, ಅದು ನಿಧಾನವಾಗಿ ಗಟ್ಟಿ ಮೂಳೆಯಾಗಿ ಮಾರ್ಪಡುತ್ತದೆ. ಅದಕ್ಕೆ ಬೇಕಾದದ್ದು ಅಲುಗಾಟವಿಲ್ಲದಿರುವುದು ಮತ್ತು ರಕ್ತ ಹರಿಯುತ್ತಿರುವುದು, ಎರಡೂ ಒಟ್ಟಿಗೆ.

ಪ್ಲಾಸ್ಟರ್ ಹಾಕಿದ ಮೇಲೆ

ಕೊಟ್ಟಿಗೆಯ ಟೈಲ್ಸ್ ಅಥವಾ ನುಣುಪು ಸಿಮೆಂಟಿನ ಮೇಲೆ ನಿಲ್ಲಿಸಬೇಡಿ. ಮರಳು ಅಥವಾ ರಾಗಿ ಹುಲ್ಲು ಹಾಸಿದ, ಒಣಗಿದ, ತಿರುಗಾಡಲು ಜಾಗವಿಲ್ಲದ ಮೂಲೆಯಲ್ಲಿ ಬೇರೆಯಾಗಿ ಕಟ್ಟಿ. ಮಂದೆಯ ಜೊತೆ ಬಿಟ್ಟರೆ ಮೇಕೆ ಪ್ಲಾಸ್ಟರಿನಲ್ಲೇ ಜಿಗಿಯುತ್ತದೆ. ಏಳಲಾಗದ ದನವನ್ನು ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಒತ್ತು ಹುಣ್ಣಾಗುತ್ತದೆ.

ದಿನಕ್ಕೆರಡು ಸಲ ಪ್ಲಾಸ್ಟರಿನ ಮೇಲಿನ ಅಂಚಿಗೆ ಮೂಗಿಟ್ಟು ಮೂಸಿ ನೋಡಿ. ನಾಚಿಕೆ ಪಡಬೇಕಿಲ್ಲ, ಎಕ್ಸ್-ರೇಗಿಂತ ಮೊದಲು ಕೀವನ್ನು ಮೂಗು ಪತ್ತೆ ಮಾಡುತ್ತದೆ. ವಾಸನೆ ಬಂದರೆ, ಅಂಚಿನ ಮೇಲೆ ಬಾವು ಕಂಡರೆ, ಪ್ಲಾಸ್ಟರಿನ ಹೊರಗೆ ಕಲೆ ಮೂಡಿದರೆ, ನಿನ್ನೆ ಊರುತ್ತಿದ್ದ ಕಾಲನ್ನು ಇಂದು ಎತ್ತಿ ಹಿಡಿದರೆ, ಅಥವಾ ಪ್ರಾಣಿ ಪ್ಲಾಸ್ಟರನ್ನೇ ಕಚ್ಚತೊಡಗಿದರೆ ಅಂದೇ ಕರೆದೊಯ್ಯಬೇಕು. ಮಳೆಗಾಲದಲ್ಲಿ ಗಾಯಕ್ಕೆ ನೊಣ ಕೂತು ಹುಳ ಬೀಳಲು ಒಂದೇ ದಿನ ಸಾಕು. ಪ್ಲಾಸ್ಟಿಕ್ ಚೀಲವನ್ನು ಮಳೆ ಬರುವಾಗ ಮಾತ್ರ ಕಟ್ಟಿ, ನಿಂತ ಮೇಲೆ ಬಿಚ್ಚಿ.

ಹಸಿ ಮೇವು, ಕುದುರೆ ಮೆಂತ್ಯ ಅಥವಾ ಅಲಸಂದೆ ಸೊಪ್ಪಿನಂಥ ದ್ವಿದಳ ಮೇವಿನ ಜೊತೆ ದೊಡ್ಡ ದನಕ್ಕೆ ದಿನಕ್ಕೆ ಸುಮಾರು 50 ಗ್ರಾಂ, ಕುರಿ ಮೇಕೆಗೆ ಸುಮಾರು 10 ಗ್ರಾಂ ಖನಿಜ ಮಿಶ್ರಣ ಕೊಡಬಹುದು. ಬರೀ ತವುಡು, ಬೂಸಾ ಸುರಿದರೆ ರಂಜಕ ಹೆಚ್ಚಾಗಿ ಕ್ಯಾಲ್ಸಿಯಂ ಹಿಂದೆ ಬೀಳುತ್ತದೆ.

ಕರುವಿನ ಕಾಲು ಬೆಳೆಯುತ್ತಲೇ ಇರುವುದರಿಂದ ಅದರ ಪ್ಲಾಸ್ಟರನ್ನು ಎರಡು ಮೂರು ವಾರಕ್ಕೆ ಬದಲಿಸಬೇಕಾಗುತ್ತದೆ. ಎಳೆ ಕರುಗಳ ಮುಂಗಾಲು ಹೆಚ್ಚಾಗಿ ಮುರಿಯುವುದು ಹುಟ್ಟುವಾಗಲೇ, ಹೊರಬಾರದ ಕರುವಿನ ಕಾಲಿಗೆ ಒಂದೇ ಕುಣಿಕೆ ಹಾಕಿ ನಾಲ್ಕಾರು ಜನ ಎಳೆದಾಗ. ಕುಣಿಕೆಯನ್ನು ಗೊರಸಿನ ಮೇಲಿನ ಕೀಲಿಗಿಂತ ಮೇಲೊಂದು, ಕೆಳಗೊಂದು ಹಾಕಿ, ತಾಯಿ ಮುಕ್ಕುವಾಗ ಮಾತ್ರ ಒಂದೊಂದೇ ಕಾಲನ್ನು ಸರದಿಯಲ್ಲಿ ಎಳೆದರೆ ಇದು ತಪ್ಪುತ್ತದೆ.

ಕೂಡಲು ಬೇಕಾದ ಕಾಲ ವಯಸ್ಸಿನ ಮೇಲೆ ನಿಂತಿದೆ. ನಾಯಿಮರಿಗೆ ಮೂರು ನಾಲ್ಕು ವಾರ, ಕರು, ಕುರಿ, ಮೇಕೆಗೆ ನಾಲ್ಕರಿಂದ ಆರು ವಾರ, ಬೆಳೆದ ನಾಯಿಗೆ ಎರಡರಿಂದ ಮೂರು ತಿಂಗಳು, ದೊಡ್ಡ ದನಕ್ಕೂ ಹೆಚ್ಚುಕಡಿಮೆ ಅಷ್ಟೇ. ಕೋಳಿ, ಪಾರಿವಾಳಗಳ ಮೂಳೆ ಮೂರು ವಾರದಲ್ಲೇ ಕೂಡುತ್ತದೆ. ಪ್ರಾಣಿ ಚೆನ್ನಾಗಿ ನಡೆಯುತ್ತಿದೆಯೆಂದು ಮನೆಯಲ್ಲೇ ಪ್ಲಾಸ್ಟರ್ ಒಡೆಯಬೇಡಿ, ಅದು ಚೆನ್ನಾಗಿ ನಡೆಯುತ್ತಿರುವುದು ಪ್ಲಾಸ್ಟರ್ ಇರುವುದರಿಂದಲೇ ಇರಬಹುದು. ವೈದ್ಯರು ತೆಗೆದ ಮೇಲೂ ಕಾಲು ಬಡಕಲಾಗಿ, ಕೀಲು ಬಿಗಿದುಕೊಂಡಿರುತ್ತದೆ. ಎರಡು ವಾರ ಹಿತ್ತಲಲ್ಲೇ ಹಗ್ಗ ಹಿಡಿದು ನಡೆಸಿ, ಆಮೇಲೆ ಮಂದೆಗೆ ಬಿಡಿ. ಎತ್ತಾದರೆ ವೈದ್ಯರು ಮತ್ತೊಮ್ಮೆ ನೋಡಿ ಒಪ್ಪುವವರೆಗೆ ನೊಗಕ್ಕೆ ಹೂಡಬೇಡಿ.